ಕಾರ್ಡಿನ ನಾಲ್ಕನೆಯ ಕಾಲಂ

ಮೊದಲ ಗುಂಡಿಯ ಅಡ್ಡಳತೆ ಒಂದೂಕಾಲು ಅಂಗುಲ. ತೆಂಗಿನ ಚಿಪ್ಪನ್ನು ಉಜ್ಜಿ ನಯ ಮಾಡಿಸಿದ್ದು. ಅದರ ಕಾಜ ಒಂದೂವರೆ ಅಂಗುಲ. ಅದು ಕೈಗೆ ಹತ್ತಿದ ಮೇಲೆ ಒಂದು ಅಂಗುಲದ ಗುಂಡಿ, ಆಮೇಲೆ ಮುಕ್ಕಾಲು ಅಂಗುಲದ್ದು, ಕೊನೆಗೆ ಅಂಗಡಿಯ ಅಂಗಿಗೆ ಹಾಕಿರುವಂಥ ಸಣ್ಣ ಬಿಳಿಯ ಗುಂಡಿ. ಕಲಿಸುವವರು ಗುಂಡಿಯನ್ನು ಕಾಜದೊಳಕ್ಕೆ ಮುಕ್ಕಾಲು ಪಾಲು ತೂರಿಸಿ ಹಿಡಿದುಕೊಳ್ಳಬೇಕು. ಉಳಿದಷ್ಟನ್ನು ಮಗು ಎಳೆದರೆ ಸಾಕು. ಎಳೆದ ಕೂಡಲೇ ಶಾಬಾಸ್ ಎನ್ನಬೇಕು, ಒಂದು ಚೂರು ಬೆಲ್ಲ ಕೊಡಬೇಕು. ಮರುವಾರ ಅರ್ಧದಷ್ಟು ಮಾತ್ರ ತೂರಿಸಿ ಬಿಡಬೇಕು. ಹೀಗೆ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬರುತ್ತ ಬರುತ್ತ ಇಡೀ ಕೆಲಸ ಮಗುವಿನದಾಗಬೇಕು.

ಮಿಡಿಗೇಶಿಯಿಂದ ಎರಡು ಮೈಲಿ ಒಳಗೆ, ಕುರಿ ಸಾಕುವವರ ಒಂದು ಹಟ್ಟಿಯಲ್ಲಿ ಏಳು ವರ್ಷದ ಹುಡುಗನೊಬ್ಬ ಈ ನಾಲ್ಕೂ ಗುಂಡಿಗಳನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಕಲಿತ. ನಾನು ಆ ಕೆಲಸದಲ್ಲಿದ್ದಷ್ಟು ಕಾಲ ಅಷ್ಟು ಬೇಗ ಕಲಿತ ಮಗು ಇನ್ನೊಂದಿಲ್ಲ. ಅವನು ಹೇಗೆ ಕಲಿತ ಎಂಬುದನ್ನು ಇಲ್ಲಿ ಬರೆಯಬೇಕು. ಬರೆಯಲು ನಾಚಿಕೆಯಾಗುತ್ತದೆ, ಅದಕ್ಕೇ ಇಷ್ಟು ತಡವಾಯಿತು.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಗುರುತಿಸಿ, ಒಬ್ಬೊಬ್ಬರಿಗೂ ಮನೆಯಲ್ಲೇ ಕಲಿಸುವ ಯೋಜನೆ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಜೀವಕೋಶಗಳಲ್ಲಿ ಒಂದು ವರ್ಣತಂತು ಹೆಚ್ಚಾಗಿ ಹುಟ್ಟಿದ ಮಕ್ಕಳು ಇವರು. ನಡಿಗೆ ತಡ, ಮಾತು ತಡ, ಬೆರಳುಗಳಲ್ಲಿ ಬಿಗಿ ಕಡಿಮೆ. ಕಲಿಯುವುದಿಲ್ಲ ಎಂದಲ್ಲ. ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿದಿನ, ಅದೇ ಹೊತ್ತಿಗೆ, ಒಬ್ಬರೇ ಕಲಿಸಿದರೆ ಕಲಿಯುತ್ತಾರೆ. ಆ ಕಡೆ ವಿಶೇಷ ಶಾಲೆ ಒಂದೂ ಇರಲಿಲ್ಲ. ಹೀಗಾಗಿ ಮನೆಯನ್ನೇ ಶಾಲೆ ಮಾಡಬೇಕಿತ್ತು.

ಮಗುವಿಗೊಂದು ಹಳದಿ ರಟ್ಟಿನ ಕಾರ್ಡು. ಅದರಲ್ಲಿ ಅಚ್ಚು ಹಾಕಿಸಿದ ಐದು ಕಾಲಂಗಳು: ಏನು ಕಲಿಸುವುದು, ಯಾವ ಹೆಜ್ಜೆ, ಎಷ್ಟು ನಿಮಿಷ, ಯಾರು ಕಲಿಸುವುದು, ಮಾಡಿಸಿದ ದಿನಕ್ಕೆ ಗುರುತು. ಮೇಲೆ ಯೋಜನೆಯ ಹೆಸರು, ಕೆಳಗೆ ನನ್ನ ಸಹಿ ಮತ್ತು ನೇರಳೆ ಮೊಹರು. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಗುರುತುಗಳನ್ನು ಎಣಿಸಿ, ಮುಂದಿನ ಹೆಜ್ಜೆ ಬರೆದು ಬರುತ್ತಿದ್ದೆ.

ಏಪ್ರಿಲ್‌ನಲ್ಲಿ ಮೊದಲ ಸಲ ಆ ಹಟ್ಟಿಗೆ ಹೋದಾಗ ಹುಡುಗ ಮನೆಯಲ್ಲಿರಲಿಲ್ಲ. ತಾಯಿ ಅವನನ್ನು ಹೊಲಕ್ಕೆ ಕರೆದೊಯ್ದಿದ್ದರು. ಬದುವಿನ ಹೊಂಗೆಮರದ ನೆರಳಲ್ಲಿ ಹಳೆಯ ಸೀರೆ ಹಾಸಿ ಕೂರಿಸಿದ್ದರು. ಅವನು ಒಣ ಹೊಂಗೆಕಾಯಿಗಳನ್ನು ಒಂದು ತಗಡಿನ ಡಬ್ಬಿಗೆ ತುಂಬುವುದು, ಸುರಿಯುವುದು, ಮತ್ತೆ ತುಂಬುವುದು ಮಾಡುತ್ತಿದ್ದ. "ಪ್ರಚೋದನೆ ಇಲ್ಲ, ದಿನವಿಡೀ ಕೂರಿಸುತ್ತಾರೆ" ಎಂದು ಬರೆದುಕೊಂಡೆ. ಅವರ ಜೊತೆ ಮನೆಗೆ ಬಂದ ಮೇಲೆ, ಹೊಲಕ್ಕೆ ಕರೆದೊಯ್ಯಬೇಡಿ, ಮನೆಯಲ್ಲಿರಲಿ, ಹೊತ್ತುಹೊತ್ತಿಗೆ ಪಾಠವಾಗಬೇಕು ಎಂದು ತಾಯಿಗೆ ಹೇಳಿದೆ. ಹಾಗಾದರೆ ಮನೆಯಲ್ಲಿ ಕಲಿಸುವವರು ಯಾರು?

"ನಂಗೆ ಇವೆಲ್ಲ ಎಲ್ಲಿ ಬತ್ತದೆ ಕಣಮ್ಮ" ಎಂದರು ತಾಯಿ. "ಬೆಳಗಾದ್ರೆ ಹೊಲ, ಇಲ್ಲಾಂದ್ರೆ ಕೂಲಿ. ಇವ್ರಪ್ಪಂಗೆ ಕುರಿ ಬಿಟ್ರೆ ಮನುಷ್ರು ಕಣ್ಣಿಗೇ ಬೀಳಾಕಿಲ್ಲ."

"ಕುರಿ ಯೋಳಿದ್ ಮಾತು ಕೇಳ್ತವೆ, ಅದ್ಕೆ" ಎಂದರು ಜಗಲಿಯ ಮೇಲೆ ಕುಳಿತಿದ್ದ ತಂದೆ.

ಅಷ್ಟರಲ್ಲಿ ಹುಡುಗನ ಅಕ್ಕ ನೀರಿನ ಬಿಂದಿಗೆ ಇಳಿಸಿ ಬಂದು ಕಾರ್ಡನ್ನು ಕೈಗೆ ತೆಗೆದುಕೊಂಡಳು. ಹದಿನೈದು ವರ್ಷ ಇರಬಹುದು. ಮಿಡಿಗೇಶಿಯ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ ಮುಗಿಸಿದ್ದಳು; ಬೇಸಿಗೆ ರಜೆ. ಹೆಜ್ಜೆಗಳನ್ನೆಲ್ಲ ಎಲ್ಲೂ ತಡವರಿಸದೆ ಗಟ್ಟಿಯಾಗಿ ಓದಿ ನನ್ನ ಮುಖ ನೋಡಿದಳು.

"ಹದಿನೈದು ನಿಮಿಷ ಅಂತ ಬರ್ದಿದೀರಲ್ಲ ಮೇಡಂ, ಇವ್ನು ಮಧ್ಯದಲ್ಲಿ ಎದ್ದು ಓಡೋದ್ರೆ ಅದೂ ಹದಿನೈದ್ರಲ್ಲೇ ಸೇರ್ತದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಪ್ರಶ್ನೆ ಎಂದು ನನಗೆ ಅನ್ನಿಸಲಿಲ್ಲ. ನಾಲ್ಕನೆಯ ಕಾಲಮ್ಮಿನಲ್ಲಿ ಅವಳ ಹೆಸರು ಬರೆದೆ. ಮುಖ ತೊಳೆಯುವುದು, ಅಂಗಿ ಹಾಕುವುದು, ತಟ್ಟೆಯಲ್ಲಿ ಚೆಲ್ಲದೆ ಉಣ್ಣುವುದು, ಕಕ್ಕಸಿಗೆ ಹೇಳುವುದು, ಬಣ್ಣ ಗುರುತಿಸುವುದು, ಹೀಗೆ ಏಳು ಸಾಲು. ಏಳಕ್ಕೂ ಅದೇ ಹೆಸರು. ಒಟ್ಟು ಒಂದು ಗಂಟೆ ನಲವತ್ತೈದು ನಿಮಿಷ ಎಂದು ಕೂಡಿಸಿ, ಕೆಳಗೆ ಮೊಹರು ಒತ್ತಿದೆ.

ಮೇ ತಿಂಗಳ ಗುರುತುಗಳು ಒಂದೂ ತಪ್ಪಿರಲಿಲ್ಲ. ಪೆನ್ಸಿಲ್ ಮೊನೆ ಮಾಡಿ ಹಾಕಿದ ಪುಟ್ಟ ಪುಟ್ಟ ಅಡ್ಡಗೆರೆಗಳು. ಮಾಡಲು ಆಗದ ದಿನ ಸೊನ್ನೆ. ಪಕ್ಕದಲ್ಲಿ ಕಾರಣ: "ಜ್ವರ", "ಮಳೆ, ಸೋರಿತು", "ನನ್ನ ಕೈ ಕಚ್ಚಿದ". ಹುಡುಗ ಮೊದಲ ಗುಂಡಿ ಕಲಿತ. ಜೂನ್‌ನಲ್ಲಿ ಗೆರೆಗಳು ವಿರಳವಾದವು. ಬೆಳಗಿನ ಎರಡು ಸಾಲಿಗೆ ಮಾತ್ರ ಗುರುತು, ಹಗಲಿನ ಐದು ಸಾಲು ಖಾಲಿ. ಹುಡುಗ ಎರಡನೆಯ ಗುಂಡಿಯ ಹತ್ತಿರವೇ ನಿಂತಿದ್ದ.

ಜುಲೈ ಮೊದಲ ಸೋಮವಾರ ಹೋದಾಗ ಮನೆಯಲ್ಲಿ ತಾಯಿ ಒಬ್ಬರೇ ಇದ್ದರು. ನಾನು ಕಾರ್ಡನ್ನು ಅವರ ಮುಂದೆ ಹಿಡಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಖಾಲಿ ಜಾಗಗಳನ್ನು ಬೆರಳಿಂದ ತೋರಿಸುತ್ತ, "ಬಿಟ್ಟುಬಿಟ್ಟು ಮಾಡಿದರೆ ಕಲಿತದ್ದೂ ಹೋಗುತ್ತದೆ. ನಾವು ಇಷ್ಟು ದೂರ ಬಂದು ಪ್ರಯೋಜನವೇನು? ಆಗುವುದಿಲ್ಲ ಎಂದರೆ ಹೇಳಿ, ಬೇರೆ ಮಗುವಿಗೆ ಕಾರ್ಡು ಕೊಡುತ್ತೇವೆ" ಎಂದೆ. ದನಿ ಎತ್ತಲಿಲ್ಲ. ಸಾಮಾನ್ಯವಾಗಿ ನಾನು ದನಿ ಎತ್ತುವುದಿಲ್ಲ. ಅವರು ಸೆರಗಿನಿಂದ ಕೈ ಒರೆಸಿಕೊಂಡು, "ಇನ್ ಮ್ಯಾಲೆ ಅಂಗಾಗಾಕಿಲ್ಲ ಬುಡಿ ಮೇಡಮ್ಮ" ಎಂದರು.

ಜುಲೈ ಮೂರನೆಯ ಸೋಮವಾರ ಹೋದಾಗ ಏಳೂ ಸಾಲುಗಳಲ್ಲಿ ಗುರುತು ತುಂಬಿತ್ತು. ಅಕ್ಕ ಮನೆಯಲ್ಲಿದ್ದಳು. ಆಗಸ್ಟ್‌ನ ಎರಡು ಸೋಮವಾರವೂ ಇದ್ದಳು. ನಾನು ಹೋಗುತ್ತಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ. ಹತ್ತನೆಯ ತರಗತಿಗೆ ಹೋಗಬೇಕಾದ ಹುಡುಗಿ ಸೋಮವಾರ ಹನ್ನೊಂದು ಗಂಟೆಗೆ ಮನೆಯಲ್ಲಿ ಯಾಕಿದ್ದಾಳೆ ಎಂದು ನಾನು ಕೇಳಲಿಲ್ಲ. ನನ್ನ ಪುಸ್ತಕದಲ್ಲಿ "ಮನೆಯವರ ಸಹಕಾರ: ಅತ್ಯುತ್ತಮ" ಎಂದು ಬರೆದೆ. ಬಾಗಿಲ ಎದುರಿನ ಗೂಟಕ್ಕೆ ಒಂದು ಖಾಕಿ ಬಟ್ಟೆಯ ಪುಸ್ತಕದ ಚೀಲ ನೇತುಹಾಕಿತ್ತು. ಅದರ ಬಾಯಿಂದ ಬಿತ್ತನೆಗೆ ಇಟ್ಟ ಕಡಲೆಕಾಯಿ ಇಣುಕುತ್ತಿದ್ದವು. ಅದನ್ನೂ ನೋಡಿದೆ. ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಕೇಳದೆ ಇದ್ದದ್ದು ಅದಕ್ಕೇ ಇರಬೇಕು.

ಸೆಪ್ಟೆಂಬರ್‌ನಲ್ಲಿ ಹುಡುಗ ಅಂಗಡಿ ಅಂಗಿಯ ಐದೂ ಗುಂಡಿಗಳನ್ನು ತಾನೇ ಹಾಕಿದ. ಕತ್ತಿನ ಗುಂಡಿಯನ್ನೂ ಬಿಡಲಿಲ್ಲ. ಬಿಸಿಲಲ್ಲೂ ಹಾಗೇ ಗಂಟಲವರೆಗೆ ಬಿಗಿದುಕೊಂಡು ಹಟ್ಟಿಯ ತುಂಬ ತಿರುಗಿದ. ನಮ್ಮ ಯೋಜನಾಧಿಕಾರಿ, ಮಧುಗಿರಿಯ ಕಚೇರಿಯಲ್ಲಿ ನನ್ನ ಮೇಲಿದ್ದವರು, ಬೆಂಗಳೂರಿನ ಇಬ್ಬರು ಅತಿಥಿಗಳನ್ನು ಜೀಪಿನಲ್ಲಿ ಕರೆದುಕೊಂಡು ಬಂದು ತೋರಿಸಿದರು. ಫೋಟೋ ತೆಗೆದರು. ಫೋಟೋದಲ್ಲಿ ಹುಡುಗ, ತಾಯಿ, ತಂದೆ, ನಾನು. ಅಕ್ಕ ಬೆಲ್ಲದ ಡಬ್ಬಿ ಹಿಡಿದು ಕ್ಯಾಮೆರಾದವರ ಹಿಂದೆ ನಿಂತಿದ್ದಳು, ಅವನು ಆ ಕಡೆ ನೋಡಲಿ ಎಂದು. ಆ ಕಾರ್ಡನ್ನು ವಾರ್ಷಿಕ ವರದಿಯ ಮೊದಲ ಪುಟಕ್ಕೆ ಆರಿಸಿದರು.

ನವೆಂಬರ್‌ನ ಒಂದು ಸೋಮವಾರ ಹಟ್ಟಿಯಿಂದ ಮರಳುವಾಗ ಮಿಡಿಗೇಶಿಯ ಬಸ್ಸಿನಲ್ಲಿ ನನ್ನ ಪಕ್ಕ ಹೈಸ್ಕೂಲಿನ ಗಣಿತದ ಶಿಕ್ಷಕಿಯೊಬ್ಬರು ಕುಳಿತರು. ನಲವತ್ತು ದಾಟಿದವರು, ದಪ್ಪ ಕನ್ನಡಕ. ಒಂದೆರಡು ಸಲ ಮುಖ ನೋಡಿದ್ದೆ, ಮಾತಾಡಿರಲಿಲ್ಲ.

"ನೀವು ಆ ಕುರಿ ಹಟ್ಟಿ ಹುಡುಗನ್ ಮನೆಗೆ ಹೋಗೋರಲ್ವಾ?"

ಹೌದು ಎಂದೆ.

"ಅವನಕ್ಕ ನನ್ ಕ್ಲಾಸು. ಒಂಬತ್ತರಲ್ಲಿ ಗಣಿತಕ್ಕೆ ಎಂಬತ್ತೆಂಟು ತಗೊಂಡಿದ್ಲು. ಜುಲೈಯಿಂದ ಪತ್ತೆ ಇಲ್ಲ. ನಾನೇ ಹೋಗಿ ಅವರಪ್ಪನ್ನ ಕೇಳ್ದೆ. ಮೇಡಮ್ನೋರು ಕಾಗದದಲ್ಲಿ ಇವಳ ಹೆಸ್ರು ಬರ್ದು ಸೀಲು ಹಾಕವ್ರೆ, ನಾನೇನ್ ಮಾಡ್ಲಿ ಅಂದ. ಆ ಮೇಡಮ್ನೋರು ನೀವೇನಾ?"

ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದ. ನಾನು ಚಿಲ್ಲರೆ ಹುಡುಕುತ್ತ ತಲೆ ತಗ್ಗಿಸಿಯೇ ಇದ್ದೆ.

"ಎಸ್ಸೆಸ್ಸೆಲ್ಸಿ ಅರ್ಜಿ ಕಳಿಸ್ತಾ ಇದೀವಿ" ಎಂದು ಅವರು ಮುಂದುವರಿಸಿದರು. "ಹಾಜರಿ ಸಾಲ್ದು. ಸರಿಯಾದ ಕಾರಣ ತೋರಿಸಿ ಪತ್ರ ಬಂದ್ರೆ ಮನ್ನಾ ಕೇಳಿ ಮೇಲಕ್ಕೆ ಬರೀತೀನಿ ಅಂದವ್ರೆ ಹೆಡ್ಮಾಸ್ಟರು. ಶುಕ್ರವಾರದೊಳಗೆ. ಆಮೇಲೆ ಪರೀಕ್ಷೆವರೆಗೂ ಒಂದು ದಿನ ತಪ್ಪಂಗಿಲ್ಲ. ಈ ವರ್ಷ ಬಿಟ್ರೆ ಬಂದ ವರ್ಷಕ್ಕೆ ಮದುವೆ ಮಾಡಿ ಕಳಿಸ್ತಾರೆ, ಅಷ್ಟೇ."

ಮಧುಗಿರಿಯಲ್ಲಿ ಇಳಿಯುವಾಗ ಅವರು, "ನೋಡಿ ಮತ್ತೆ" ಎಂದರು.

ಕಚೇರಿಗೆ ಹೋಗಿ ಬೀರುವಿನಿಂದ ನನ್ನ ಎಲ್ಲ ಕಾರ್ಡುಗಳ ನಕಲುಗಳನ್ನು ಹೊರತೆಗೆದೆ. ಇಪ್ಪತ್ತಾರು ಇದ್ದವು. ನಾಲ್ಕನೆಯ ಕಾಲಮ್ಮನ್ನು ಮಾತ್ರ ಓದುತ್ತ ಹೋದೆ. ಅಕ್ಕ. ಅಕ್ಕ. ತಾಯಿ. ಅಕ್ಕ. ಚಿಕ್ಕಪ್ಪನ ಮಗಳು. ಅಕ್ಕ. ಹದಿನೇಳು ಕಾರ್ಡುಗಳಲ್ಲಿ ಹೆಣ್ಣುಮಕ್ಕಳು, ಹತ್ತರಿಂದ ಹದಿನಾರು ವರ್ಷದವರು. ಒಂದರಲ್ಲೂ ಅಣ್ಣ ಇರಲಿಲ್ಲ. ಬರೆಯುವಾಗ ಪ್ರತಿಯೊಂದನ್ನೂ ಬೇರೆಬೇರೆ ಮನೆಯಲ್ಲಿ, ಬೇರೆಬೇರೆ ದಿನ ಬರೆದಿದ್ದೆ. ಮೇಜಿನ ಮೇಲೆ ಒಟ್ಟಿಗೆ ಹರಡಿದಾಗ ಅವೆಲ್ಲ ಒಂದೇ ಕೈಬರಹ, ನನ್ನದು.

ಮರುದಿನ ಪಾವಗಡದ ಕಡೆ ಹೋಗುವುದಿತ್ತು. ಅಲ್ಲಿನ ತೆಲುಗು ಮನೆಯೊಂದರಲ್ಲಿ ಪುಟ್ಟ ಹುಡುಗಿಗೆ ನಾನು ಬರೆದ ಕಾರ್ಡು ಎರಡು ತಿಂಗಳಿಂದ ನಡೆಯುತ್ತಿತ್ತು. ಆ ದಿನ ಮೊದಲ ಬಾರಿಗೆ ಕೇಳಿದೆ, ದೊಡ್ಡ ಮಗಳು ಶಾಲೆಗೆ ಹೋಗುತ್ತಾಳೆಯೇ ಎಂದು.

"ಲೇದು ಮೇಡಂ, ಮಾನಿಪಿಸ್ಬುಟ್ವಿ" ಎಂದರು ತಾಯಿ ಸಂತೋಷದಿಂದ. ಬಿಡಿಸಿಬಿಟ್ಟೆವು ಎಂದು ಅರ್ಥ. "ಇವಾಗ ಚೆಲ್ಲಿನ ಅದೇ ಚೆನ್ನಾಗಿ ಚೂಸ್ಕೊಂಟಾದಿ. ನೀವ್ ಬರ್ದಂಗೇ."

ತಂಗಿಯನ್ನು ಈಗ ಅವಳೇ ಚೆನ್ನಾಗಿ ನೋಡಿಕೊಳ್ಳುತ್ತಾಳಂತೆ, ನಾನು ಬರೆದ ಹಾಗೇ. ಆ ಮಗಳಿಗೆ ಹನ್ನೊಂದು ವರ್ಷ.

ಬುಧವಾರ ಯೋಜನಾಧಿಕಾರಿಗಳ ಎದುರು ಕಾರ್ಡುಗಳನ್ನಿಟ್ಟು ಎಲ್ಲ ಹೇಳಿದೆ. ಅವರು ಒಳ್ಳೆಯವರು. ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ, ಆ ಮನೆಗಳಲ್ಲಿ ಹೆಣ್ಣುಮಕ್ಕಳನ್ನ ಹೇಗೂ ಬಿಡಿಸ್ತಿದ್ರು. ನಾವು ಒಂದು ನೆಪ ಆದ್ವಿ ಅಷ್ಟೇ."

"ಈ ಹುಡುಗಿಯನ್ನ ಬಿಡಿಸ್ತಿರಲಿಲ್ಲ ಸಾರ್. ಒಂಬತ್ತನೆಯವರೆಗೆ ಓದಿಸಿದ್ದಾರೆ."

"ಸರಿ, ಪತ್ರ ಬರೆದುಕೊಡಿ. ಯಾರು ಬೇಡ ಅಂದ್ರು? ಕೌಟುಂಬಿಕ ಕಾರಣ ಅನ್ನಿ. ನಮ್ಮ ಕಾರ್ಡನ್ನ ಯಾಕೆ ಎಳೀತೀರಿ? ವರದಿ ಅಚ್ಚಿಗೆ ಹೋಗಿದೆ. ಮೊದಲ ಪುಟದಲ್ಲೇ ಅದಿದೆ. ಯೋಜನೆಯೇ ನಿಂತುಹೋದ್ರೆ ಉಳಿದ ಇಪ್ಪತ್ತೈದು ಮಕ್ಕಳ ಗತಿ ಏನು, ಯೋಚನೆ ಮಾಡಿ."

ಯೋಚನೆ ಮಾಡಿದೆ. ಇಪ್ಪತ್ತೈದು ಮಕ್ಕಳ ಬಗ್ಗೆ ಮಾತ್ರ ಅಲ್ಲ. ಆ ಮೊದಲ ಪುಟದಲ್ಲಿ ನನ್ನ ಹೆಸರೂ ಇತ್ತು. ಅಲ್ಲೇ ಕುಳಿತು, ಕಚೇರಿಯ ಕಾಗದದಲ್ಲಿ ನಾಲ್ಕು ಸಾಲು ಬರೆದೆ: ಸದರಿ ವಿದ್ಯಾರ್ಥಿನಿಯು ಕೌಟುಂಬಿಕ ಅನಾನುಕೂಲತೆಯ ನಿಮಿತ್ತ ಶಾಲೆಗೆ ಹಾಜರಾಗಲು ಸಾಧ್ಯವಾಗಿರುವುದಿಲ್ಲ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಅಧಿಕಾರಿಗಳು ಓದಿ, "ಚೆನ್ನಾಗಿದೆ" ಎಂದರು.

ಗುರುವಾರ ಅದನ್ನು ಹೈಸ್ಕೂಲಿಗೆ ಒಯ್ದೆ. ಗಣಿತದ ಶಿಕ್ಷಕಿ ಕಾರಿಡಾರಿನಲ್ಲೇ ನಿಂತು ಓದಿದರು. ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು.

"ಇದನ್ನ ಅವರಪ್ಪನೇ ಹೆಬ್ಬೆಟ್ಟು ಒತ್ತಿ ಕೊಡ್ಬೋದಿತ್ತು. ಮನೆ ಕಾರಣ ಅಂತ ಪ್ರತಿವರ್ಷ ಹತ್ತು ಪತ್ರ ಬರ್ತವೆ, ಒಂದಕ್ಕೂ ಮನ್ನಾ ಸಿಗಲ್ಲ. ಇನ್ನೊಬ್ರು ಕೆಲಸಕ್ಕೆ ಹಚ್ಚಿದ್ರು ಅಂತ ಹಚ್ಚಿದೋರೇ ಬರೆದ್ರೆ ಅದು ಬೇರೆ." ಗಂಟೆ ಹೊಡೆಯಿತು. ಅವರು ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡರು. "ನೀವು ಓದಿದೋರು. ನಾನು ಇನ್ನೇನ್ ಹೇಳ್ಲಿ. ನಾಲ್ಕೂವರೆವರೆಗೆ ಇಲ್ಲೇ ಇರ್ತೀನಿ."

ಅಲ್ಲಿಂದ ನಡೆದುಕೊಂಡೇ ಹಟ್ಟಿಗೆ ಹೋದೆ. ಅದು ನನ್ನ ದಿನವಲ್ಲ. ಗುರುವಾರ ನನ್ನನ್ನು ನೋಡಿ ಮನೆಯವರು ಗಾಬರಿಯಾದರು. ತಂದೆ ಆ ದಿನ ಕಾಲಿಗೆ ಮುಳ್ಳು ಹೊಕ್ಕು, ಕುರಿಗಳನ್ನು ತಮ್ಮ ಸೋದರನ ಕೈಗೆ ಬಿಟ್ಟು ಜಗಲಿಯಲ್ಲಿದ್ದರು. ತಾಯಿ ಕಡಲೆಕಾಯಿ ಬಿಡಿಸುವ ಕೂಲಿಯಿಂದ ಊಟಕ್ಕೆ ಬಂದಿದ್ದರು. ಅಕ್ಕ ಹುಡುಗನಿಗೆ ಮುದ್ದೆ ಮುರಿಯುವುದು ಕಲಿಸುತ್ತಿದ್ದಳು. ಅವನು ಅವಳ ಜಡೆಯನ್ನು ಎಡಗೈಯಲ್ಲಿ ಸುತ್ತಿ ಹಿಡಿದುಕೊಂಡೇ ಬಲಗೈಯಲ್ಲಿ ಉಣ್ಣುತ್ತಿದ್ದ.

ಮಗಳನ್ನು ನಾಳೆಯಿಂದಲೇ ಶಾಲೆಗೆ ಕಳಿಸಬೇಕು ಎಂದೆ.

"ಅದೆಂಗಾಯ್ತದೆ?" ಎಂದರು ತಂದೆ. "ಅವ್ಳೆಸ್ರು ಕಾಗದದಲ್ಲಿ ಐತೆ. ಮೊಹರು ಐತೆ. ನಾನು ಬ್ಯಾರೆಯೋರ ಕೈಲಿ ಮಾಡ್ಸಿ, ನಾಳಿಕ್ ನೀವ್ ಬಂದು ನಮ್ ಕೂಸಿನ ಹೆಸ್ರೇ ಹೊಡ್ದಾಕ್ಬುಟ್ರೆ? ಪಹಣೀಲಿ ಒಬ್ನ ಹೆಸ್ರಿದ್ರೆ ಇನ್ನೊಬ್ಬ ಉಳಾಕಾಯ್ತದಾ?"

"ಇದು ಆಜ್ಞೆ ಅಲ್ಲ ಯಜಮಾನ್ರೇ. ಯಾರು ಬೇಕಾದರೂ ಕಲಿಸಬಹುದು."

"ಮತ್ತೆ ಅವತ್ತು ಅಂಗ್ಯಾಕ್ ಅಂದ್ರಿ?" ಎಂದರು ತಾಯಿ. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ. "ಬ್ಯಾರೆ ಮಗೀಗೆ ಕಾಲ್ಡು ಕೊಡ್ತೀವಿ ಅಂದ್ರಿ. ನಾನ್ ರಾತ್ರೆಲ್ಲ ನಿದ್ದೆ ಮಾಡ್ನಿಲ್ಲ. ಬೆಳಿಗ್ಗೆ ಎದ್ದು ಇವ್ಳಿಗೆ ಹೇಳ್ದೆ, ಇಸ್ಕೂಲು ಬುಟ್ಬುಡವ್ವ, ಒಂದೊರ್ಸ ಅಲ್ವಾ, ತಮ್ಮ ಮನ್ಸ ಆಗ್ಲಿ ಅಂತ."

ನಾನು ತಪ್ಪಾಗಿ ಹೇಳಿದೆ ಎಂದೆ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ.

ಅಕ್ಕ ತಮ್ಮನ ಬೆರಳುಗಳಿಂದ ಜಡೆ ಬಿಡಿಸಿಕೊಂಡು ಎದ್ದಳು.

"ನಾನೂ ಕಾಯ್ತಾನೇ ಇದ್ದೆ ಮೇಡಂ. ಬಂದಾಗೆಲ್ಲ, ಇವತ್ತು ಕೇಳ್ತೀರಾ, ಇವತ್ತು ಕೇಳ್ತೀರಾ ಅಂತ. ಅವ್ವ ಆ ಬ್ಯಾಗ್ನ ಅಟ್ಟದ ಮ್ಯಾಲಿಟ್ಟಿತ್ತು. ನಾನೇ ಇಳಿಸಿ ಬಾಗ್ಲೆದ್ರಿಗೆ ನೇತಾಕಿದ್ದು. ನಿಮ್ ಕಣ್ಣಿಗೆ ಬೀಳ್ಲಿ ಅಂತ."

"ನೋಡಿದ್ದೆ" ಎಂದೆ.

"ಗೊತ್ತು ಮೇಡಂ. ನೀವ್ ನೋಡಿದ್ನ ನಾನೂ ನೋಡ್ದೆ."

"ಏಯ್, ದೊಡ್ಡೋರತ್ರ ಅಂಗೆಲ್ಲ ಮಾತಾಡ್ಬಾರ್ದು ಕಣೇ" ಎಂದರು ತಾಯಿ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಹುಡುಗ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿ, ಶಾಬಾಸ್ ಎನ್ನಲಿ ಎಂದು ಕಾಯುತ್ತಿದ್ದ. ಒಂದು ಚೂರೂ ಚೆಲ್ಲಿರಲಿಲ್ಲ. ಅಕ್ಕ ತಿರುಗದೆಯೇ, "ಶಾಬಾಸ್ ಲೇ ಮರಿ" ಎಂದಳು.

ಆಮೇಲೆ ಯೋಜನೆಯ ಮಾತು. ಅದನ್ನು ಮೊದಲ ಸಲ ನಾನು ಆ ಮನೆಯವರನ್ನು ಕೇಳಿ ಬರೆದೆ. ನಿಮ್ಮ ದಿನ ಹೇಗೆ ನಡೆಯುತ್ತದೆ, ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತೀರಿ? ಕುರಿ ಹೊಡೆದುಕೊಂಡು ಹೋಗುವ ಮುಂಚೆ ತಂದೆ ಅಂಗಿ ಹಾಕಿಸಬಹುದು. "ನಾನಾ? ಗುಂಡಿ ಹಾಕಾದು ನಂಗೇ ಸರ್ಯಾಗ್ ಬರಾಕಿಲ್ಲ" ಎಂದು ತಮ್ಮ ಅಂಗಿಯನ್ನು ತೋರಿಸಿದರು. ಎರಡು ಗುಂಡಿ ಇರಲೇ ಇಲ್ಲ. "ಅವ್ನೇ ನಿಂಗೆ ಕಲಿಸ್ತಾನೆ ಬುಡು" ಎಂದರು ತಾಯಿ. ರಾತ್ರಿಯ ಊಟ ತಾಯಿಯ ಜೊತೆ. ಓದು ಮುಗಿದ ಮೇಲೆ ಅಕ್ಕ ಒಂದೇ ಒಂದು ಸಾಲು, ಅದೂ ಅವಳಿಗೆ ಮನಸ್ಸಿದ್ದರೆ. ಹಗಲು ಅವನು ತಾಯಿಯ ಜೊತೆ ಹೊಲಕ್ಕೆ ಹೋಗಬಹುದು. ಎಣಿಸುವುದನ್ನು, ಬಣ್ಣವನ್ನು ಅಲ್ಲೇ ಕಲಿಯಬಹುದು. ಏಪ್ರಿಲ್‌ನಲ್ಲಿ ಅವನು ಮಾಡುತ್ತಿದ್ದುದು ಹೆಚ್ಚುಕಡಿಮೆ ಅದನ್ನೇ.

"ಈಗ ಬರಾಕಿಲ್ಲ ಅವ್ನು" ಎಂದರು ತಾಯಿ. "ಆರ್ ತಿಂಗ್ಳಿಂದ ಅಕ್ಕನ್ ಸೆರಗು ಬುಟ್ಟಿಲ್ಲ. ಅಕ್ಕ ಕಣ್ಣಿಗ್ ಕಾಣ್ದಿದ್ರೆ ಊರೇ ಎದ್ಬರೋವಂಗ್ ಕೂಗ್ತಾನೆ. ಕಡ್ಲೇಕಾಯಿ ಕೆಲ್ಸ ಇನ್ನ ಹತ್ತು ದಿನ ಐತೆ. ಆ ಕಣದಲ್ಲಿ ಇವನ್ನ ಕಟ್ಕಂಡು ನಾನೆಂಗ್ ಕೂಲಿ ಮಾಡ್ಲಿ?"

ಒಬ್ಬರೇ, ಅದೇ ಹೊತ್ತಿಗೆ, ಪ್ರತಿದಿನ. ನಾನೇ ಹೇಳಿಕೊಟ್ಟ ಪಾಠವನ್ನು ಅವನು ಚೆನ್ನಾಗಿ ಕಲಿತಿದ್ದ.

"ಆ ಹತ್ತು ದಿನ ನಾನು ಬರುತ್ತೇನೆ" ಎಂದೆ. ಹೇಳುವ ಮುಂಚೆ ಲೆಕ್ಕ ಹಾಕಿರಲಿಲ್ಲ. ನನ್ನ ರಜೆ ಹನ್ನೆರಡು ದಿನ ಬಾಕಿ ಇತ್ತು ಎಂದು ಆಮೇಲೆ ನೆನಪಾಯಿತು.

ಅಕ್ಕ ಈಗ ತಿರುಗಿ ನೋಡಿದಳು. "ನೀವಾ? ದಿನಾ ಪೂರ್ತಿ?"

"ಪೂರ್ತಿ."

"ಯಾವತ್ತಾದ್ರೂ ಮಾಡಿದೀರಾ ಮೇಡಂ, ಒಂದಿನ?"

"ಇಲ್ಲ" ಎಂದೆ. ಇಪ್ಪತ್ತಾರು ಮನೆಗಳಲ್ಲಿ ಒಂದರಲ್ಲೂ ನಾನು ಒಂದು ಗಂಟೆಗಿಂತ ಹೆಚ್ಚು ಕುಳಿತಿರಲಿಲ್ಲ. ಬಸ್ಸಿನ ಹೊತ್ತು ನೋಡಿಕೊಂಡು ಹೋಗುವುದು, ನೋಡಿಕೊಂಡು ಏಳುವುದು.

ಅವಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಕೇಳಿ ಪಡೆದು, ಜಗಲಿಯ ಮೇಲೆ ಕುಳಿತು ಎರಡನೆಯ ಪತ್ರ ಬರೆದೆ. ನಾನು ಸಿದ್ಧಪಡಿಸಿದ ಗೃಹಶಿಕ್ಷಣ ಯೋಜನೆಯಲ್ಲಿ ಈ ವಿದ್ಯಾರ್ಥಿನಿಯನ್ನು ಅವಳ ತಮ್ಮನ ಏಕೈಕ ಶಿಕ್ಷಕಿಯಾಗಿ ನೇಮಿಸಿದ್ದರಿಂದ ಅವಳು ಜುಲೈನಿಂದ ಶಾಲೆಗೆ ಹಾಜರಾಗಿಲ್ಲ. ಇದು ಅವಳ ತಪ್ಪಲ್ಲ, ಮನೆಯವರ ತಪ್ಪೂ ಅಲ್ಲ. ಸಹಿ ಹಾಕಿದ ಮೇಲೆ, ಅದರ ಮೇಲ್ಗಡೆ ಉಳಿದಿದ್ದ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದೆ: ಈ ವಿಷಯ ನನ್ನ ಗಮನಕ್ಕೆ ಬಂದಿದ್ದರೂ ನಾನು ವಿಚಾರಿಸಲಿಲ್ಲ.

ಅಕ್ಕ ಅದನ್ನು ಓದಿದಳು. ಹಾಳೆಯನ್ನು ನನಗೆ ಕೊಡದೆ ತಾನೇ ಮಡಿಸಿ ಹಿಡಿದುಕೊಂಡಳು. ಇಬ್ಬರೂ ಶಾಲೆಯವರೆಗೆ ನಡೆದೆವು. ಅವಳು ತಮ್ಮನ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿಂದ ಬಂದಿದ್ದಳು. ಅರ್ಧ ದಾರಿಯವರೆಗೆ ಅವನ ಕೂಗು ಕೇಳಿಸುತ್ತಿತ್ತು. ನಾಲ್ಕೂಕಾಲಕ್ಕೆ ಗಣಿತದ ಶಿಕ್ಷಕಿ ಪತ್ರ ಓದಿ, ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿ, ಹೆಡ್ಮಾಸ್ಟರ ಕೋಣೆಗೆ ಹೋದರು. ಹೊರಗೆ ಬಂದು ಹುಡುಗಿಗೆ ಮಾತ್ರ ಹೇಳಿದರು: "ಮೇಲಿನೋರು ಒಪ್ತಾರೋ ಬಿಡ್ತಾರೋ ಗೊತ್ತಿಲ್ಲ. ನಾಳೆ ಮೊದಲ್ನೇ ಪೀರಿಯಡ್ಡಿಗೆ ಬಂದು ಕೂರು. ಬೀಜಗಣಿತ ನಾಲ್ಕು ಅಧ್ಯಾಯ ಆಗೋಗಿದೆ."

ಮಧುಗಿರಿಗೆ ಬಂದು ರಜೆಯ ಅರ್ಜಿಯನ್ನೂ, ಪತ್ರದ ಒಂದು ನಕಲನ್ನೂ ಯೋಜನಾಧಿಕಾರಿಗಳ ಮೇಜಿನ ಮೇಲಿಟ್ಟೆ. ಅವರು ಹೊರಟುಹೋಗಿದ್ದರು. ಎದುರಿಗೆ ಕೊಡಬೇಕಾಗಿ ಬರಲಿಲ್ಲವಲ್ಲ ಎಂದು ಸಮಾಧಾನವಾಯಿತು. ಅದಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಎಂಟೂವರೆಗೆ ಅಕ್ಕ ಹೊರಟಳು. ತಂದೆ ಕುಂಟುತ್ತಲೇ ಕುರಿಗಳ ಹಿಂದೆ, ತಾಯಿ ಕಣಕ್ಕೆ. ಹುಡುಗನೂ ನಾನೂ ಉಳಿದೆವು. ಮುಖ ತೊಳೆಯುವುದಕ್ಕೆ ಕಾರ್ಡಿನಲ್ಲಿ ಹದಿನೈದು ನಿಮಿಷ ಇತ್ತು. ಅವನು ಚೊಂಬನ್ನು ಮುಟ್ಟಲಿಲ್ಲ. ದಾರಿಯ ಕಡೆ ಕೈ ತೋರಿಸಿ, "ಅಕ" ಎಂದ. ಅಕ್ಕ ಶಾಲೆಗೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ ಎಂದೆ. ಅವನು ಎದ್ದು ಹೊರಟ. ಕೂಗಿದೆ, ಬೆಲ್ಲ ತೋರಿಸಿದೆ; ತಿರುಗಿ ನೋಡಲಿಲ್ಲ. ಕೆರೆ ಏರಿಯ ತಿರುವಿನಲ್ಲಿ ಹಿಡಿದು, ಅವನ ಅಳು ನಿಲ್ಲುವವರೆಗೆ ಅಲ್ಲೇ ಕಲ್ಲಿನ ಮೇಲೆ ಕುಳಿತಿದ್ದು, ಕೈ ಹಿಡಿದು ಕರೆತಂದೆ. ಸ್ವಲ್ಪ ಹೊತ್ತಿಗೆ ಮತ್ತೆ "ಅಕ" ಎಂದು ಎದ್ದ. ಮತ್ತೆ ತಿರುವಿನವರೆಗೆ ಹೋದೆವು, ಮತ್ತೆ ಬಂದೆವು. ಹಟ್ಟಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಬ್ಬಾಕೆ, "ಮೇಡಮ್ನೋರ್ಗೆ ಇವತ್ತು ಪಾಠ ಆಯ್ತಾ ಐತೆ" ಎಂದರು. ಮಧ್ಯಾಹ್ನ ತಾಯಿ ಊಟಕ್ಕೆ ಬರುವುದರೊಳಗೆ ಹನ್ನೊಂದು ಸಲ ಹೋಗಿ ಬಂದಿದ್ದೆವು. ಮುಖ ಇನ್ನೂ ತೊಳೆದಿರಲಿಲ್ಲ. ಹನ್ನೆರಡನೆಯ ಸಲ ಅವನು ಎದ್ದಾಗ ನಾನು ಕೂಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ನಡೆದೆ.